ಭಾಮಾಬಾಯಿ ತಿದ್ದಿದ ಆಕಾಶ

ಮಾರ್ತಾಂಡರಾಯರ ಸ್ಟುಡಿಯೋಕ್ಕೆ ಮುಖದ ತುಂಬ ಸಿಡುಬಿನ ಕಲೆ ಹೊತ್ತು ಬಂದ ಹುಡುಗಿಯರು ಎಷ್ಟೋ ಮಂದಿ. ಫೋಟೋದಲ್ಲಿ ಆ ಕಲೆ ಉಳಿಸಿಕೊಂಡು ಹೋದವಳು ಮಾತ್ರ ಒಬ್ಬಳೂ ಇಲ್ಲ. ಪುಣೆಯ ಬುಧವಾರ ಪೇಟೆಯಲ್ಲಿ ಹೆಣ್ಣು ಹೆತ್ತವರಿಗೆಲ್ಲ ಇದು ಗೊತ್ತಿದ್ದ ಮಾತು. ಫೋಟೋ ತೆಗೆಯುವವರು ರಾಯರೇ. ಆದರೆ ಬೀಗರ ಮನೆಗೆ ಹೋಗುವ ಮುಖ ತಯಾರಾಗುತ್ತಿದ್ದುದು ಮೇಲಿನ ಮಹಡಿಯಲ್ಲಿ, ಉತ್ತರದ ಕಿಟಕಿಯ ಹತ್ತಿರ, ಅವರ ಹೆಂಡತಿ ಭಾಮಾಬಾಯಿಯ ಇಳಿಜಾರು ಮೇಜಿನ ಮೇಲೆ. ಗಾಜಿನ ಪ್ಲೇಟಿನಲ್ಲಿ ಎಲ್ಲವೂ ಉಲ್ಟಾ: ಬೆಳಕಿದ್ದದ್ದು ಕಪ್ಪು, ನೆರಳಿದ್ದದ್ದು ಬಿಳಿ. ಆ ಪ್ಲೇಟನ್ನು ಬೆಳಕಿಗೆ ಹಿಡಿದು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಕುಳಿಗಳನ್ನು ತುಂಬಬೇಕು; ಹೆಚ್ಚಾದ ಕಪ್ಪನ್ನು ಸಣ್ಣ ಚಾಕುವಿನ ಮೊನೆಯಿಂದ ಕೆರೆಯಬೇಕು. ಮದುವೆಯಾಗಿ ಧಾರವಾಡದಿಂದ ಬಂದ ಹೊಸದರಲ್ಲಿ ಗಂಡನೇ ಕಲಿಸಿದ ವಿದ್ಯೆ.

ಕೆಳಗೆ ಖಾನಾವಳಿ ಇಟ್ಟಿದ್ದ ಉಡುಪಿ ಕಡೆಯ ಭುಜಂಗ ಒಮ್ಮೊಮ್ಮೆ ಕೆಣಕುತ್ತಿದ್ದ.

"ಇದು ಮೋಸ ಅಲ್ವಾ ಅಕ್ಕ?"

"ಮೋಸ ಹ್ಯಾಂಗ ಆಗ್ತದ? ಹುಡುಗ ನೋಡ್ಲಿಕ್ಕೆ ಬಂದಮ್ಯಾಲೆ ಖರೇ ಮುಖ ಕಾಣತದಲ್ಲ. ಅಲ್ಲೀತನಕ ಬಾಗಲಾ ತಗದಿರಲಿ ಅಂತ, ಅಷ್ಟ. ನಿಮ್ಮ ಸಾರಿಗೆ ನೀರು ಬೆರಸೋದಕ್ಕಿಂತ ಕಡಿಮಿ ಪಾಪ ಇದು."

"ನನ್ನ ಸಾರಿನ ಸುದ್ದಿ ಬೇಡ ಮಾರಾಯ್ತಿ," ಎಂದು ಭುಜಂಗ ನಕ್ಕು ಇಳಿದು ಹೋಗುತ್ತಿದ್ದ.

ಆ ಚಾಕುವಿನ ಮೊನೆ ಒಂದು ದಿನ ಗಂಡನ ಜೀವಕ್ಕೇ ಬರುತ್ತದೆಂದು ಆಕೆಗೆ ಹೇಗೆ ಗೊತ್ತಾಗಬೇಕು?

ರಾಯರಿಗೊಂದು ಹುಚ್ಚಿತ್ತು. ಹಗಲು ಮಂದಿಯ ಮುಖ ಹಿಡಿದು ಗಳಿಸಿದ್ದನ್ನು ಇರುಳು ಆಕಾಶ ಹಿಡಿಯಲು ಖರ್ಚು ಮಾಡುತ್ತಿದ್ದರು. ಭೂಮಿ ತಿರುಗುತ್ತಲೇ ಇರುವುದರಿಂದ ಕ್ಯಾಮೆರಾ ಸುಮ್ಮನೆ ಕೂತರೆ ನಕ್ಷತ್ರಗಳು ಪ್ಲೇಟಿನ ಮೇಲೆ ಗೆರೆಗಳಾಗಿ ಎಳೆದುಕೊಂಡು ಹೋಗುತ್ತವೆ. ಅದಕ್ಕೆ ಅವರು ತಾಂಬಟ ಆಳಿ ಎಂಬ ಓಣಿಯ ಕಂಚುಗಾರನೊಬ್ಬನಿಂದ ಉದ್ದನೆಯ ಹಿತ್ತಾಳೆ ಸ್ಕ್ರೂ ಮಾಡಿಸಿ, ಅದನ್ನು ಒಂದು ತಿರುಗುಮಣೆಗೆ ಜೋಡಿಸಿ, ಮಣೆಯ ಮೇಲೆ ಕ್ಯಾಮೆರಾ ಕೂಡಿಸಿದ್ದರು. ಕ್ಯಾಮೆರಾದ ಬೆನ್ನಿಗೆ ಒಂದು ಸಣ್ಣ ದುರ್ಬೀನು. ಅದರೊಳಗೆ ಎರಡು ಎಳೆ ಅಡ್ಡಹಾಯುವ ಕಡೆ ಒಂದು ನಕ್ಷತ್ರವನ್ನು ಹಿಡಿದಿಟ್ಟುಕೊಂಡು, ಅದು ಅತ್ತಿತ್ತ ಸರಿಯದಂತೆ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕೂಡಬೇಕು. ಒಂದು ಪ್ಲೇಟಿಗೆ ತಾಸು, ಕೆಲವೊಮ್ಮೆ ಎರಡು ತಾಸು. ಕಣ್ಣು ತಪ್ಪಿದರೆ ಪ್ಲೇಟು ಕೆಟ್ಟಿತು. ಮೃಗ ನಕ್ಷತ್ರದ ಹೊಟ್ಟೆಗೆ ನಾಟಿದ ಬಾಣದ ಕೆಳಗೆ ಹೊಗೆಯ ಹಾಗೆ ಹಬ್ಬಿದ ನೀಹಾರಿಕೆಯನ್ನು ಮೊದಲ ಸಲ ಹಿಡಿದ ದಿನ ಅವರು ಭುಜಂಗನ ಖಾನಾವಳಿಯಲ್ಲಿ ಊಟಕ್ಕೆ ಕೂತವರಿಗೆಲ್ಲ ಜಿಲೇಬಿ ಹಾಕಿಸಿದ್ದರು. ಪ್ಲೇಟು ಕೆಟ್ಟ ದಿನ ತಾವೇ ಊಟ ಬಿಡುತ್ತಿದ್ದರು.

ಯುದ್ಧ ಬಂದು ಬೀದಿದೀಪಗಳಿಗೆ ಮುಸುಕು ಬಿತ್ತು. ಪೇಟೆಯ ಜನ ಕತ್ತಲಲ್ಲಿ ಎಡವಿ ಸರಕಾರವನ್ನು ಶಪಿಸಿದರು. ರಾಯರೊಬ್ಬರೇ ಹಿಗ್ಗಿದರು.

"ಜಪಾನಿನವರ ಬಾಂಬು ಬರ್ತದೋ ಇಲ್ಲೋ, ಆಕಾಶ ಅಂತೂ ನಮ್ಮ ಮಾಳಿಗಿ ಮ್ಯಾಲೆ ಬಂತು ನೋಡು ಭಾಮಾ."

ಬಂದ ಆಕಾಶದ ಜೊತೆಗೆ ಇನ್ನೂ ಏನೋ ಬಂದಿತ್ತು. ಭಾಮಾಬಾಯಿ ನೋಡುತ್ತಿದ್ದಳು, ನೋಡಿ ಬಿಡುತ್ತಿದ್ದಳು. ಮೊದಲು ಶನಿವಾರ ವಾಡೆಯವರೆಗೆ ತಿರುಗಾಡಿ ಊಟದ ಹೊತ್ತಿಗೆ ಬರುತ್ತಿದ್ದ ಮನುಷ್ಯ ಈಗ ಸೂರ್ಯ ಮುಳುಗುವ ಮೊದಲೇ ಮನೆ ಸೇರುತ್ತಿದ್ದರು. ಮೆಟ್ಟಿಲು ಹತ್ತುವಾಗ ಅವರ ಎಡಗೈ ಗೋಡೆ ಸವರುತ್ತಿತ್ತು. ಸುಣ್ಣದ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಒಂದು ಮಾಸಲು ಪಟ್ಟಿಯೇ ಮೂಡಿತ್ತು. ಹಾದಿಯಲ್ಲಿಟ್ಟ ಕೊಡಪಾನ ಎರಡು ಸಲ ಒದ್ದರು, ಎರಡು ಸಲವೂ ಅದನ್ನು ಅಲ್ಲಿಟ್ಟವರನ್ನು ಬೈದರು. ವಯಸ್ಸು ಐವತ್ತರ ಹತ್ತಿರ, ತಲೆಯ ತುಂಬ ನಕ್ಷತ್ರ. ಕಾಲ ಕೆಳಗೆ ನೋಡುವುದಿಲ್ಲ ಎಂದುಕೊಂಡಳು. ಹಗಲಲ್ಲಿ ಎಲ್ಲ ಸರಿಯೇ ಇತ್ತು. ಸ್ಟುಡಿಯೋದ ಗಾಜಿನ ಮಾಡಿನ ಕೆಳಗೆ ಅವರು ಮದುಮಗಳ ಮೂಗುತಿ ಸೊಟ್ಟಗಿರುವುದನ್ನು ದೂರದಿಂದಲೇ ಹೇಳುತ್ತಿದ್ದರು.

ಆಮೇಲೆ ಪ್ಲೇಟು ತೊಳೆಯುವ ಕೆಲಸವನ್ನೂ ಹೆಂಡತಿಗೆ ಬಿಟ್ಟುಕೊಟ್ಟರು.

"ಔಷಧದ ನೀರಿನಾಗ ಕೈ ಇಟ್ರ ತುರಿಕಿ ಏಳ್ತದ. ಕತ್ತಲಕೋಣಿ ಕೆಲಸ ಇನ್ನ ನಿಂದು."

ಅವರ ಕೈಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಗಂಡ ಹೇಳಿದ ನೆಪವನ್ನು ಹೆಂಡತಿ ಪರೀಕ್ಷೆ ಮಾಡುವುದು ಆ ಮನೆಯ ಪದ್ಧತಿಯಲ್ಲ. ಆಕೆ ಸೆರಗು ಬಿಗಿದು ಕೆಂಪು ದೀಪದ ಕೋಣೆಗೆ ಹೊಕ್ಕಳು.

ಆ ವರ್ಷ ಮಳೆ ನಿಂತ ಮೇಲೆ ತೆಗೆದ ಮೊದಲ ಪ್ಲೇಟು ತಟ್ಟೆಯಲ್ಲಿ ನಿಧಾನವಾಗಿ ಮೂಡುವಾಗ ಭಾಮಾಬಾಯಿ ಬಗ್ಗಿ ನೋಡಿದಳು. ಚುಕ್ಕಿಗಳಿರಬೇಕಾದ ಕಡೆಯೆಲ್ಲ ಗೆರೆ. ಇಡೀ ಆಕಾಶ ಶಾವಿಗೆ ಒಣಹಾಕಿದ ಹಾಗೆ ಕಾಣುತ್ತಿತ್ತು.

"ಹ್ಯಾಂಗ ಬಂದದ?" ಹೊರಗಿನಿಂದ ರಾಯರು ಕೂಗಿದರು.

"ಇನ್ನೂ ಒಣಗಿಲ್ರಿ," ಎಂದಳು.

ಗೊತ್ತಾದರೆ ಊಟ ಬಿಡುತ್ತಾರೆ. ನಾಲ್ಕು ದಿನ ಮಾತೂ ಬಿಡುತ್ತಾರೆ. ಅಷ್ಟು ಹೊತ್ತು ಚಳಿಯಲ್ಲಿ ಕೂತದ್ದು ಅವಳಿಗೆ ಗೊತ್ತು. ಮರುದಿನ ಬೆಳಿಗ್ಗೆ ಅವರು ಕೆಳಗೆ ಗಿರಾಕಿಗಳ ಜೊತೆ ಇದ್ದಾಗ ಪ್ಲೇಟನ್ನು ಮೇಜಿನ ಮೇಲಿಟ್ಟು ಚಾಕು ಹಿಡಿದಳು. ಗೆರೆಯ ಆ ತುದಿ ಈ ತುದಿ ಕೆರೆದು ನಡುವೆ ಒಂದು ದುಂಡನೆಯ ಕಾಳು ಉಳಿಸಿದಳು. ದೊಡ್ಡ ನಕ್ಷತ್ರಗಳಿಗೆ ಹೀಗೆ; ಸಣ್ಣವು ಹಿಂಡು ಹಿಂಡಾಗಿದ್ದವು, ಅವನ್ನು ಪೂರ್ತಿಯೇ ಕೆರೆದು ತೆಗೆದಳು. ಆಕಾಶದ ಪುಡಿಕಾಳನ್ನು ಯಾರು ಎಣಿಸುತ್ತಾರೆ? ಕಲೆ ತೆಗೆದು ತೆಗೆದು ಪಳಗಿದ ಕೈ. ಅದಕ್ಕೆ ಇದು ಬೇರೆ ಕೆಲಸವೆಂದು ಅನಿಸಲೇ ಇಲ್ಲ.

ರಾಯರು ಭೂತಗನ್ನಡಿ ಹಿಡಿದು ಕಿಟಕಿಯಲ್ಲಿ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಕಂಡದ್ದು ಬರೀ ಸಂತೋಷವಲ್ಲ. ಕೋರ್ಟಿನಲ್ಲಿ ಖುಲಾಸೆಯಾದವನ ಮುಖ ಅದು.

"ಮುತ್ತು ಪೋಣಿಸಿದ್ಹಂಗ ಬಂದಾವ," ಎಂದರು. "ಕೈ ಪಳಗೇದ ಭಾಮಾ. ಇನ್ನ ದುರ್ಬೀನಿಗೆ ಕಣ್ಣು ಹಚ್ಚೋ ಕಾರಣಾನೂ ಇಲ್ಲ. ಗಡಿಯಾರದ ಟಕ್ ಟಕ್ ಕೇಳಿಕೋತ ಸ್ಕ್ರೂ ತಿರುಗಿಸಿದ್ರ ಸಾಕು."

ಭಾಮಾಬಾಯಿ ನಕ್ಕಳು. ಆ ಮಾತಿನ ಅರ್ಥ ಏನೆಂದು ಆಗ ಯೋಚಿಸಲಿಲ್ಲ.

ಎರಡು ಚಳಿಗಾಲ ಹೀಗೇ ನಡೆಯಿತು. ಪ್ಲೇಟು ಪ್ಲೇಟಿಗೂ ಗೆರೆ ಉದ್ದವಾಗುತ್ತಿತ್ತು, ಚಾಕುವಿಗೆ ಕೆಲಸ ಹೆಚ್ಚುತ್ತಿತ್ತು. ಮೊದಮೊದಲು ದಯೆಯಿಂದ ಮಾಡಿದ್ದನ್ನು ಈಗ ಹೆದರಿಕೆಯಿಂದ ಮಾಡುತ್ತಿದ್ದಳು. ಒಮ್ಮೆ ಸುಮ್ಮನಾದರೆ ಹಿಂದಿನದೆಲ್ಲ ಬಯಲಿಗೆ ಬರುತ್ತದೆ. ಒಂದು ಕಾರ್ತಿಕದ ಬೆಳಿಗ್ಗೆ, ರೋಹಿಣಿಯ ಹತ್ತಿರದ ಒಂದು ಗೆರೆ ಕೆರೆಯುವಾಗ ಕೆಳಗೆ ಬೀದಿಯಲ್ಲಿ ಫೌಜಿನ ಲಾರಿ ದಡಬಡಿಸಿ ಹೋಯಿತು. ಮೇಜು ಅದುರಿ ಚಾಕು ಜಾರಿತು. ಪ್ಲೇಟಿನ ಲೇಪ ಕಿತ್ತುಬಂತು.

ಕೆನ್ನೆಯ ಮೇಲೆ ಗಾಯದ ಗುರುತಿದ್ದರೆ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಪೆನ್ಸಿಲಿನಿಂದ ತುಂಬಿ, ಬೆರಳ ತುದಿಯ ಹತ್ತಿಯಿಂದ ಅಂಚುಗಳನ್ನು ಮೆತ್ತಗೆ ಸವರಿ, ಸುತ್ತಲಿನ ಬಣ್ಣಕ್ಕೆ ಕೂಡಿಸಿದಳು. ಸ್ವಲ್ಪ ಹೆಚ್ಚೇ ತುಂಬಿದ್ದಳು. ಕಾಗದದ ಮೇಲೆ ಮೂಡಿದಾಗ ಆ ಜಾಗದಲ್ಲಿ ಒಂದು ಬಿಳಿ ಮಬ್ಬು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ.

ಆ ಮಬ್ಬನ್ನು ರಾಯರು ಅಂದೇ ಕಂಡರು. ನಕ್ಷತ್ರಪಟ ತೆರೆದರು. ಅದರಲ್ಲಿ ಆ ಜಾಗ ಖಾಲಿ. ಇನ್ನೊಂದು ಪಟ ತೆರೆದರು. ಅಲ್ಲೂ ಖಾಲಿ. ಸಂಜೆಯ ಹೊತ್ತಿಗೆ ಖಾನಾವಳಿಗೆಲ್ಲ ಸುದ್ದಿ ಮುಟ್ಟಿತು: ಬುಧವಾರ ಪೇಟೆಯ ಫೋಟೋದ ರಾಯರು ಯಾರೂ ಕಾಣದ ಹೊಸ ನೀಹಾರಿಕೆ ಕಂಡುಹಿಡಿದಿದ್ದಾರೆ.

"ಎಂತ ರಾಯರೇ, ಇಷ್ಟು ಸಣ್ಣ ಮೋಡಕ್ಕೆ ಇಷ್ಟು ಗೌಜಾ?" ಎಂದ ಭುಜಂಗ. "ನನ್ನ ಅಡಿಗೆಮನೆಗೆ ಬನ್ನಿ, ಇದರ ಹತ್ತರಷ್ಟು ಹೊಗೆ ದಿನಾ ಉಂಟು."

"ನಿನ್ನ ಹೊಗಿಗೆ ಕಣ್ಣೀರು ಬರ್ತದೋ. ಇದಕ್ಕ ಹೆಸರು ಬರ್ತದ." ರಾಯರು ನಗುತ್ತಲೇ, ಜೊತೆಗೆ ಕರೆತಂದಿದ್ದ ಹೆಂಡತಿಯ ಕಡೆ ತಿರುಗಿದರು. "ಮತ್ತೊಂದು ಪ್ಲೇಟಿನ್ಯಾಗ ಇದ ಬಂತಂದ್ರ ಪಕ್ಕಾ ಆತು. ಆಮ್ಯಾಲೆ ಆಕಾಶ ನೋಡೋ ದೊಡ್ಡ ವೇಧಶಾಲಾದವರಿಗೆ ತಿಳಸ್ತೀನಿ. ಹೆಸರು ನಿಂದಽ ಇಡ್ರಿ ಅಂತ ಹೇಳ್ತೀನಿ. ಭಾಮಾ ನೀಹಾರಿಕಾ. ಹ್ಯಾಂಗದ?"

ಆ ಮೋಡ ಏನೆಂದು ಭಾಮಾಬಾಯಿಗೆ ಗೊತ್ತಿತ್ತು. ಆ ಕ್ಷಣಕ್ಕೇ ಹೇಳಬೇಕಿತ್ತು. ನಾಲ್ಕು ಮಂದಿಯ ಎದುರಿಗೆ ಗಂಡನ ತಲೆ ತಗ್ಗಿಸುವುದು ಹೇಗೆ? ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡಳು. ಮನೆಯಲ್ಲಿ ಅವರು ಹಾಡು ಗುನುಗುತ್ತ ಚಪಾತಿ ತಿಂದರು. ನಾಳೆ ಹೇಳಿದರಾಯಿತು ಎಂದುಕೊಂಡಳು.

ಪೇಟೆಯ ಹೊಗೆಯಲ್ಲಿ ಇನ್ನೊಂದು ಒಳ್ಳೆಯ ಪ್ಲೇಟು ಬರುವುದಿಲ್ಲ; ಊರ ಹೊರಗೆ ಧನಕವಡಿ ದಾಟಿ, ಕಾತ್ರಜ್ ಘಾಟಿನ ಈಚೆ ಒಂದು ಬೋಳು ಗುಡ್ಡವಿದೆ, ಅಲ್ಲಿಗೆ ಹೋಗಬೇಕು ಎಂದು ರಾಯರು ಗೊತ್ತು ಮಾಡಿದರು. ದಸರೆಯ ನಂತರ ಒಂದು ಹಗಲು ಹೋಗಿ ಜಾಗ ನೋಡಿ ಬಂದಿದ್ದರಂತೆ. ಗುಡ್ಡದ ನೆತ್ತಿಯಲ್ಲಿ ಮನೆಯಂಗಳದಂಥ ಹಾಸುಗಲ್ಲು. ಅದರ ಒಂದು ಮಗ್ಗುಲಿಗೆ ಕಲ್ಲಿನ ಖಣಿ. ಹೆಜ್ಜೆ ಹಾಕಿ ಅಳೆದು, ಕ್ಯಾಮೆರಾ ಎಲ್ಲಿ, ತಾವೆಲ್ಲಿ ಎಂದು ಗುರುತು ಮಾಡಿಕೊಂಡಿದ್ದರು. ಸಿಪಾಯಿಗಳ ಫೋಟೋ ತೆಗೆಯುವ ಪರಿಚಯದಿಂದ ಫೌಜದಾರರ ಅಪ್ಪಣೆಯೂ ಸಿಕ್ಕಿತ್ತು. ಎಳ್ಳಮಾಸಿಯ ಸಂಜೆ ಹೊರಡುವುದು. ಅಮಾವಾಸ್ಯೆ, ಚಂದ್ರನ ಕಾಟವಿಲ್ಲ.

ಅದಕ್ಕೆ ಮೂರು ದಿನ ಮೊದಲು ಧಾರವಾಡದಿಂದ ರಾಯರ ಚಿಕ್ಕಪ್ಪನ ಮಗ ಪ್ರಲ್ಹಾದ ಬಂದ. ಮಾತಿನ ಮನುಷ್ಯ. ರಾತ್ರಿ ಮುಸುಕು ಹಾಕಿದ ದೀಪದ ಕೆಳಗೆ ಅಣ್ಣತಮ್ಮ ಊಟಕ್ಕೆ ಕೂತರು. ರಾಯರ ಕೈ ನೀರಿನ ತಂಬಿಗೆಗಾಗಿ ನೆಲದ ಮೇಲೆ ಹರಿದಾಡಿತು. ತಂಬಿಗೆ ಗೇಣು ದೂರದಲ್ಲೇ ಇತ್ತು.

"ಏ ಅಣ್ಣಾ," ಎಂದು ಪ್ರಲ್ಹಾದ ನಕ್ಕ, "ನಿನಗೂ ರಾಘಣ್ಣ ಕಾಕಾನ ಚಾಳಿ ಹತ್ತಿತೇನೋ? ಅವನೂ ಹಿಂಗ, ಊಟಕ್ಕ ಕೂತ್ರ ನೆಲಾ ಸಾರಸ್ತಿದ್ದ."

ರಾಯರು ನಗಲಿಲ್ಲ. ಅನ್ನ ಕಲಸಿದ ಕೈ ತಾಟಿನಲ್ಲೇ ನಿಂತಿತು. "ಪ್ರಲ್ಹಾದಾ, ಸುಮ್ಮನ ಊಟಾ ಮಾಡು," ಎಂದರು.

ಮರುದಿನ ಬೆಳಿಗ್ಗೆ ಪ್ರಲ್ಹಾದ ಒಲೆಯ ಮುಂದೆ ಚಹಾಕ್ಕೆ ಕೂತಾಗ ಭಾಮಾಬಾಯಿ ಕೇಳಿದಳು: "ರಾಘಣ್ಣ ಕಾಕಾಗ ಏನಾಗಿತ್ತು?"

"ನಿಮಗ ಹೇಳಿಲ್ಲೇನ್ರಿ ವೈನಿ?" ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಇರಳಗಣ್ಣು. ಹಗಲು ಹದ್ದಿನಂಥಾ ಕಣ್ಣು, ಕತ್ತಲಾತಂದ್ರ ಕುರುಡ. ನಲವತ್ತು ದಾಟಿದಮ್ಯಾಲೆ ಹಗಲಿನ ನೋಟಾನೂ ಸಣ್ಣಗಾಗ್ಲಿಕ್ಕೆ ಹತ್ತಿತು, ಕೊಳವಿಯೊಳಗಿಂದ ನೋಡಿದ್ಹಂಗ, ಮಗ್ಗಲಿಂದು ಕಾಣಂಗಿಲ್ಲ ಅಂತಿದ್ದ. ನಮ್ಮ ಮನಿತನದಾಗ ಒಂದೊಂದು ತಲಿಮಾರಿನ್ಯಾಗ ಒಬ್ಬರಿಗೆ ಬರ್ತದರಿ. ಲಗ್ನದ ಹೊತ್ತಿನ್ಯಾಗ ಯಾರೂ ಬಾಯಿ ಬಿಡಂಗಿಲ್ಲ."

"ಆಮ್ಯಾಲೆ?"

"ಆಮ್ಯಾಲೇನು? ಒಂದಿನ ಸಂಜೀಕೆ ಬಾವ್ಯಾಗ ಸಿಕ್ಕ. ಬಿದ್ದ ಅಂತ ಮನ್ಯಾಗ ಹೇಳಿದ್ರು. ಹಾರಿದ ಅಂತ ಓಣ್ಯಾಗ ಹೇಳಿದ್ರು." ಪ್ರಲ್ಹಾದ ಚಹಾ ಊದಿ ಕುಡಿದ. "ಅಣ್ಣಗ ಹಂಗೇನಿಲ್ಲ ಬಿಡ್ರಿ. ಇರಳಗಣ್ಣಿದ್ದವ ಚಿಕ್ಕಿ ಫೋಟೋ ತಗೀತಾನೇನು? ಆ ಪ್ಲೇಟ ಹೇಳ್ತಾವಲ್ಲ."

ಭಾಮಾಬಾಯಿ ಇಕ್ಕಳವನ್ನು ಕೆಳಗಿಟ್ಟಳು. ಗೋಡೆಯ ಮಾಸಲು ಪಟ್ಟಿ, ಒದ್ದ ಕೊಡಪಾನ, ಇಲ್ಲದ ತುರಿಕೆ, ಕೆಂಪು ದೀಪದ ಕೋಣೆ, ಶಾವಿಗೆಯಂಥ ಗೆರೆಗಳು, ಎಲ್ಲವೂ ಒಂದೇ ದಾರಕ್ಕೆ ಬಂದು ಕೂತವು. ಗಂಡನ ಮುಖದಲ್ಲಿ ಅಂದು ಕಂಡ ಖುಲಾಸೆಯ ಅರ್ಥವೂ ಆಯಿತು. ಅವರಿಗೆ ಅನುಮಾನ ಮೊದಲೇ ಇತ್ತು. ಕಣ್ಣಿನ ಮೇಲೆ ಹೋದ ನಂಬಿಕೆಯನ್ನು ಪ್ಲೇಟುಗಳ ಮೇಲೆ ಕಟ್ಟಿಕೊಂಡಿದ್ದರು. ಆ ಪ್ಲೇಟುಗಳಿಗೆ ಸುಳ್ಳುಸಾಕ್ಷಿ ಹೇಳಿಸಿದವಳು ತಾನು.

ಎರಡು ದಿನ ಅವಳು ದಾರಿ ಹುಡುಕಿದಳು. ಪ್ಲೇಟಿನ ಡಬ್ಬಿ ಬಿಸಿಲಿಗೆ ತೆರೆದಿಟ್ಟುಬಿಡಲೇ? ಅಂಗಡಿಯವನನ್ನು ಬೈದು ಬೇರೆ ತರುತ್ತಾರೆ. ಸ್ಕ್ರೂ ಬಗ್ಗಿಸಲೇ? ಕಂಚುಗಾರ ಒಂದು ಮಧ್ಯಾಹ್ನದಲ್ಲಿ ನೆಟ್ಟಗೆ ಮಾಡಿ ಕೊಡುತ್ತಾನೆ. ಬಾಯಿ ಬಿಟ್ಟು ಹೇಳಲೇ? ಹೇಳಿದರೆ ಕಣ್ಣೂ ಹೋಯಿತು, ಕೈಯೂ ಹೋಯಿತು, ನೀಹಾರಿಕೆಯೂ ಹೋಯಿತು. ಮೂರನ್ನೂ ಒಂದೇ ಏಟಿಗೆ ಕಳಕೊಂಡ ಮನುಷ್ಯ ಏನು ಮಾಡಿಯಾನು? ಬಿದ್ದನೋ, ಹಾರಿದನೋ ಎಂಬ ಮಾತು ಕಿವಿಯಿಂದ ಹೋಗಲೊಲ್ಲದು. ಕೊನೆಗೆ ಆಕೆಗೆ ತೋಚಿದ್ದು ಒಂದೇ.

"ನಾನೂ ಬರ್ತೀನಿ," ಎಂದಳು ಎಳ್ಳಮಾಸಿಯ ಮಧ್ಯಾಹ್ನ. "ಹಬ್ಬದ ದಿನ ನಮ್ಮ ಕಡೆ ಎಲ್ಲಾರೂ ಹೊಲಕ್ಕ ಹೋಗಿ ಉಣ್ಣತಾರ. ನಮಗ ಹೊಲ ಇಲ್ಲ, ಗುಡ್ಡರೆ ಇರಲಿ." ಸಜ್ಜೆರೊಟ್ಟಿ, ಎಣಗಾಯಿ ಕಟ್ಟಿಕೊಂಡಳು.

ಭುಜಂಗ ಟಾಂಗಾದವರೆಗೆ ಬಂದು ಬುತ್ತಿ ಎತ್ತಿಕೊಟ್ಟ. "ಮೋಡ ಹಿಡ್ಕೊಂಡು ಬನ್ನಿ ಅಕ್ಕ," ಎಂದ. ಅವಳ ಮುಖ ನೋಡಿ ಅವನ ನಗೆ ಅರ್ಧಕ್ಕೇ ನಿಂತಿತು.

ಬೆಳಕಿರುವಾಗಲೇ ಗುಡ್ಡ ಹತ್ತಬೇಕೆಂದು ರಾಯರ ಲೆಕ್ಕ. ಸ್ವಾರಗೇಟ್ ದಾಟುತ್ತಲೇ ಫೌಜಿನ ಲಾರಿಗಳ ಸಾಲು ಎದುರಾಯಿತು. ಟಾಂಗಾವಾಲಾ ಗೇನಬಾ ಕುದುರೆಯನ್ನು ರಸ್ತೆಯ ಬದಿಗೆ ಹಿಡಿದು ನಿಂತ. ಒಂದಾದ ಮೇಲೊಂದು ಲಾರಿ, ಎಲ್ಲದರಲ್ಲೂ ಕಡೆದ ಕಲ್ಲು. ರಾಯರು ಗಳಿಗೆಗೊಮ್ಮೆ ಪಡುವಣ ನೋಡುತ್ತಿದ್ದರು. ಸೂರ್ಯ ಇಳಿದಂತೆಲ್ಲ ಅವರ ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಾಕುತ್ತಿದ್ದವು.

"ನಾಳೆ ಬರೂಣೇನ್ರಿ?" ಎಂದಳು ಭಾಮಾಬಾಯಿ.

"ನಾಳೆ ಯಾಕ? ಕತ್ತಲಕ್ಕ ಹೆದರತೀಯೇನು?"

ಧನಕವಡಿಯ ಮನೆಗಳು ಹಿಂದೆ ಬಿದ್ದಾಗ ನಸುಗತ್ತಲು. ಗುಡ್ಡದ ಬುಡಕ್ಕೆ ಬಂದಾಗ ಪೂರಾ ಕತ್ತಲು. ಗೇನಬಾ ಕ್ಯಾಮೆರಾದ ಪೆಟ್ಟಿಗೆ, ಮುಕ್ಕಾಲಿ ಹೊತ್ತು, ಕಂದೀಲು ಹಿಡಿದು ಮುಂದೆ ನಡೆದ. ರಾಯರು ಅವನ ಬೆನ್ನಿಗೇ ಅಂಟಿಕೊಂಡು, ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ಹತ್ತಿದರು. ಪೆಟ್ಟಿಗೆಗೆ ಆಸರೆ ಕೊಡುತ್ತಿದ್ದಾರೆಂದು ಯಾರಾದರೂ ನಂಬಬೇಕು. ಭಾಮಾಬಾಯಿ ಹಿಂದಿನಿಂದ ಆ ಕೈಯನ್ನೇ ನೋಡುತ್ತ ಹತ್ತಿದಳು.

ನೆತ್ತಿಯಲ್ಲಿ ಗೇನಬಾ ಪೆಟ್ಟಿಗೆ ಇಳಿಸಿ ತಲೆ ಎತ್ತಿದ. "ಸಾಹೇಬ, ಆಭಾಳ ಆಲಂಯ ಕೀ," ಎಂದ. ಮೋಡ ಕವಿದಿದೆಯಲ್ಲ ಎಂದು.

"ಕಂದೀಲು ತಗೊಂಡು ಕೆಳಗ ಹೋಗು ಅಂತ ಹೇಳು ಭಾಮಾ. ಬೆಳಕು ಬಿದ್ರ ಪ್ಲೇಟ ಕೆಡತಾವ." ರಾಯರಿಗೆ ಅವನ ಮಾತು ಕೇಳಲಿಲ್ಲವೋ, ಕೇಳಬಾರದೆಂದಿತ್ತೋ. ಗೇನಬಾ ಭಾಮಾಬಾಯಿಯ ಮುಖ ನೋಡಿ, ಭುಜ ಕುಣಿಸಿ, ಕಂದೀಲು ಹಿಡಿದು ಇಳಿದು ಹೋದ. ಬೆಳಕು ಕಲ್ಲುಗಳ ನಡುವೆ ತೂಗಾಡುತ್ತ ಸಣ್ಣದಾಗಿ ಮರೆಯಾಯಿತು.

ಅವಳ ಕಣ್ಣು ಕತ್ತಲಿಗೆ ಹೊಂದಿಕೊಂಡವು. ಪಡುವಣದಿಂದ ಮೋಡ ಎದ್ದು ನಡುನೆತ್ತಿ ದಾಟಿ ಆಕಾಶವನ್ನೆಲ್ಲ ನುಂಗಿತ್ತು. ಮೂಡಣದ ಕೆಳಗೆ ನಾಲ್ಕಾರು ಚುಕ್ಕಿ ಮಾತ್ರ. ಎದುರಿಗೆ ಹಾಸುಗಲ್ಲು ಮಸುಕಾಗಿ ಬೆಳ್ಳಗೆ ಕಂಡಿತು. ಆದರೆ ರಾಯರು ಹೇಳಿದಂಥ ಅಂಗಳ ಅದಲ್ಲ. ಹೊಸದಾಗಿ ಒಡೆದ ಅಂಚು, ಅದರಾಚೆ ಕತ್ತಲೆಗಿಂತ ಕಪ್ಪಾದ ಕತ್ತಲೆ. ಲಾರಿಗಳಲ್ಲಿ ಹೋದ ಕಲ್ಲು ಎಲ್ಲಿಯದೆಂದು ಆಗ ಅವಳಿಗೆ ಹೊಳೆಯಿತು. ದಸರೆಯಿಂದ ಈಚೆಗೆ ಖಣಿ ಅರ್ಧ ನೆತ್ತಿಯನ್ನೇ ತಿಂದಿತ್ತು.

ರಾಯರು ಒಂದು ದೊಡ್ಡ ಗುಂಡುಗಲ್ಲನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಬೆನ್ನು ಅದಕ್ಕೆ ಕೊಟ್ಟು, ಮುಕ್ಕಾಲಿಯನ್ನು ಎತ್ತಿ ಹೆಗಲಿಗಿಟ್ಟುಕೊಂಡು ನಡೆಯತೊಡಗಿದ್ದರು. ತುಟಿ ಅಲುಗುತ್ತಿತ್ತು. ಹೆಜ್ಜೆ ಎಣಿಸುತ್ತಿದ್ದರು. ಆ ನಡಿಗೆಯಲ್ಲಿ ಯಾವ ಅಳುಕೂ ಇರಲಿಲ್ಲ.

"ನಿಲ್ರಿ!"

ನಿಂತರು. ಬೂಟಿನ ತುದಿಗೆ ತಾಗಿ ಒಂದು ಕಲ್ಲು ಉರುಳಿತು. ಅದು ಬಿದ್ದ ಸದ್ದಿಗಾಗಿ ಭಾಮಾಬಾಯಿ ಕಾದಳು. ಬಹಳ ಹೊತ್ತಾದ ಮೇಲೆ ಎಲ್ಲೋ ಆಳದಲ್ಲಿ ನೀರಿನ ಸದ್ದಾಯಿತು.

"ಏನದು?" ಎಂದರು ರಾಯರು.

"ಮುಂದ ನೆಲ ಇಲ್ರಿ."

"ಹುಚ್ಚಿ. ನಾನಽ ಅಳದು ಹೋಗೇನಿ. ಇನ್ನೂ ಬೇಕಾದಷ್ಟು ಜಾಗಾ ಅದ."

"ಇತ್ತು. ಖಣಿಯವರು ಒಡಕೊಂಡು ಹೋಗ್ಯಾರ. ನನಗ ಕಾಣಸ್ತದ."

"ನಿನಗ ಕಾಣಸೋದು ನನಗ ಕಾಣಂಗಿಲ್ಲೇನು?"

ಹತ್ತಿರ ಓಡಿ ಹಿಡಿಯಬೇಕೆನಿಸಿತು. ಅಂಚಿನಲ್ಲಿ ನಿಂತವನನ್ನು ಹಿಂದಿನಿಂದ ಹಿಡಿಯಹೋದರೆ ಬೆಚ್ಚಿ ಮುಂದೆ ಹೋದಾನು. ಅವಳು ನಿಂತಲ್ಲೇ ನಿಂತು ಕೇಳಿದಳು: "ರೋಹಿಣಿ ಎಲ್ಲೆ ಅದ, ತೋರಸ್ರಿ."

ರಾಯರು ಒಂದಿಷ್ಟೂ ತಡೆಯದೆ ಕೈ ಎತ್ತಿದರು. "ಅಲ್ಲೆ. ಕೆಂಪಗ. ಅದರ ಮ್ಯಾಲೆ ಕೃತ್ತಿಕಾ. ಇತ್ತ ಕಡೆ ಮೃಗದ ಬಾಣ. ಎಷ್ಟು ನಿರ್ಮಲ ಅದ ನೋಡು ಆಕಾಶ."

ಬೆರಳು ಮೋಡದ ನಟ್ಟನಡುವಿಗೆ ನೆಟ್ಟಿತ್ತು. ಆ ಮೋಡದ ಹಿಂದೆ, ಆ ಬೆರಳು ತೋರಿದ ಜಾಗದಲ್ಲೇ, ರೋಹಿಣಿ ಇದ್ದೇ ಇತ್ತೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇಪ್ಪತ್ತು ವರ್ಷ ನೋಡಿದ ಆಕಾಶವನ್ನು ಅವರು ಬಾಯಿಪಾಠ ಒಪ್ಪಿಸುತ್ತಿದ್ದರು.

"ಅಲ್ಲೆ ಮೋಡ ಅದರಿ," ಎಂದಳು. "ಒಂದು ಚಿಕ್ಕೀನೂ ಇಲ್ಲ."

ಎತ್ತಿದ ಕೈ ನಿಧಾನವಾಗಿ ಇಳಿಯಿತು. ಗಾಳಿ ಅವರ ಕೋಟಿನ ಅಂಚನ್ನು ಖಣಿಯ ಕಡೆ ಎಳೆಯುತ್ತಿತ್ತು. ಆಮೇಲೆ ಆಡಿದ ಮಾತಿನ ದನಿ ಬೇರೆಯಾಗಿತ್ತು.

"ಗೊತ್ತದ ನನಗ. ಕಣ್ಣು ಸೋತಾವ. ಎರಡು ವರ್ಷದಿಂದ ಸೋತಾವ. ಆದ್ರ ಕೈ ಸೋತಿಲ್ಲ ಭಾಮಾ. ಕಣ್ಣಿಲ್ಲದನಽ ಹಿಡದೇನಿ. ನೀನಽ ತೊಳದೀಯಲ್ಲ ಪ್ಲೇಟ. ಒಂದರಾಗರೆ ಗೆರಿ ಇತ್ತೇನು?" ಮುಕ್ಕಾಲಿಯನ್ನು ಹೆಗಲಲ್ಲಿ ಸರಿಮಾಡಿಕೊಂಡರು. "ಮೋಡ ಸರೀತದ. ಅಷ್ಟೊತ್ತಿಗೆ ಕೂಡಸ್ತೀನಿ." ಬಲಗಾಲು ಎತ್ತಿದರು.

"ಇದ್ದೂರಿ!" ಅವಳು ಕೂಗಿದಳು. "ಎಲ್ಲಾದರಾಗೂ ಗೆರಿ ಇದ್ದೂ. ನಾ ಕೆರದು ತಗದೀನಿ."

ಎತ್ತಿದ ಕಾಲು ಇದ್ದಲ್ಲೇ ಇಳಿಯಿತು.

"ಎಲ್ಲಾದರಾಗೂ?"

"ಎಲ್ಲಾದರಾಗೂ. ಚಾಕೂಲೆ. ಮುಖದ ಕಲಿ ತಗದ್ಹಂಗ."

"ಆ ಹೊಸಾದು?"

"ಅದು ನನ್ನ ಚಾಕು ಜಾರಿದ ಗುರುತು. ಪೆನ್ಸಿಲ್ ಹಚ್ಚಿ ಮುಚ್ಚಿದ್ದೆ."

ರಾಯರು ತಿರುಗಲಿಲ್ಲ. ಅವಳಿಗೆ ಕಂಡದ್ದು ಬೆನ್ನು ಮಾತ್ರ, ಅದರ ಮೇಲೆ ಮೂರು ಕಾಲಿನ ಆ ಕಟ್ಟಿಗೆ. ಮುಂದೆ ಒಂದು ಹೆಜ್ಜೆಗೂ ಜಾಗವಿಲ್ಲ. ಅದು ಈಗ ಅವರಿಗೂ ಗೊತ್ತು. ಗೊತ್ತಿರುವುದೇ ಹೆಚ್ಚು ಭಯ. ಕಾಣದೆ ಇಡುವ ಹೆಜ್ಜೆಯನ್ನು ಕೂಗಿ ನಿಲ್ಲಿಸಬಹುದು, ಬೇಕೆಂದೇ ಇಡುವ ಹೆಜ್ಜೆಯನ್ನು ಏನು ಹೇಳಿ ನಿಲ್ಲಿಸುವುದು? ಕೆಳಗಿನಿಂದ ಖಣಿಯ ನೀರಿನ ವಾಸನೆ, ಸುಟ್ಟ ಮದ್ದಿನ ವಾಸನೆ ಬರುತ್ತಿತ್ತು. ಅವಳು ಕಲ್ಲಿನ ಮೇಲೆ ಕೂತುಬಿಟ್ಟಳು. ಕ್ಷಮಿಸಿರೆನ್ನಲಿಲ್ಲ, ದೇವರ ಹೆಸರು ಹಿಡಿಯಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದಳು.

"ಸಿಟ್ಟು ಮನಿಗೆ ಹೋಗಿ ಮಾಡ್ರಿ. ಎಷ್ಟು ಬೇಕು ಅಷ್ಟು ಮಾಡ್ರಿ. ಇಲ್ಲೆ ಮಾಡಬ್ಯಾಡ್ರಿ."

ದೂರದಲ್ಲಿ, ಘಾಟಿನ ದಾರಿಯಲ್ಲಿ, ಒಂದು ಲಾರಿ ಗೇರು ಬದಲಿಸಿತು. ಆಮೇಲೆ ಮುಕ್ಕಾಲಿ ರಾಯರ ಹೆಗಲಿಂದ ಜಾರಿತು. ಹಿಡಿಯಲು ಹೋಗಲಿಲ್ಲ. ಅದು ಅಂಚಿಗೆ ಬಡಿದು, ಮಗುಚಿ, ಕೆಳಗೆ ಹೋಯಿತು. ಈ ಸಲ ಸದ್ದು ಬರುವವರೆಗೆ ಭಾಮಾಬಾಯಿ ಉಸಿರು ಬಿಡಲಿಲ್ಲ.

"ಯಾವ ಕಡೆ?" ಎಂದರು ರಾಯರು.

"ಏನ್ರಿ?"

"ಯಾವ ಕಡೆ ಕಾಲಿಡಲಿ? ಹೇಳು."

ಮದುವೆಯಾದಂದಿನಿಂದ ಆ ಮನುಷ್ಯ ಅವಳನ್ನು ದಾರಿ ಕೇಳಿರಲಿಲ್ಲ.

"ಹೊಳ್ಳಬ್ಯಾಡ್ರಿ," ಎಂದಳು, ತೆವಳಿಕೊಂಡೇ ಮುಂದೆ ಬರುತ್ತ. "ಹಂಗಽ ಹಿಂದ ಬರ್ರಿ. ಸಾವಕಾಶ. ಇನ್ನೊಂದು. ಇನ್ನೊಂದು." ಕೋಟಿನ ಅಂಚು ಕೈಗೆ ಸಿಕ್ಕಿದಾಗ ಅದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ತನ್ನ ಕಡೆ ಜಗ್ಗಿದಳು. ಇಬ್ಬರೂ ಗುಂಡುಗಲ್ಲಿನ ಬುಡಕ್ಕೆ ಬಂದು ಬಿದ್ದರು. ಬುತ್ತಿ ಕಟ್ಟಿದ ಹಾಗೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಗೇನಬಾನನ್ನು ಕೂಗಿದಳು. ಅವನು ಕಂದೀಲು ತೂಗಾಡಿಸುತ್ತ ಹತ್ತಿ ಬಂದ. ಒಡೆದ ಅಂಚನ್ನೂ ಇವರಿಬ್ಬರನ್ನೂ ನೋಡಿ ಪೆಟ್ಟಿಗೆ ಎತ್ತಿಕೊಂಡ. ಭಾಮಾಬಾಯಿ ಗಂಡನ ತೋಳು ಹಿಡಿದು ಎಬ್ಬಿಸಿದಳು. ಗೇನಬಾ ಅವರ ಬಲಮಗ್ಗುಲಿಗೇ ನಿಂತಿದ್ದ. ಕಂದೀಲಿನ ಬೆಳಕಿನಲ್ಲಿ ರಾಯರ ಕೋಟಿನ ಗುಂಡಿಗಳು, ಕೆನ್ನೆಯ ಮೇಲಿನ ಧೂಳು ಎಲ್ಲ ನಿಚ್ಚಳ ಕಾಣುತ್ತಿತ್ತು.

"ಗೇನಬಾ ಬಂದ್ನೇನು?" ಎಂದರು ರಾಯರು. "ಕಂದೀಲು ಹಚ್ಚು ಅನ್ನು ಅವಗ. ಇಳಿಯೋದು ಹ್ಯಾಂಗ?"

ಭಾಮಾಬಾಯಿಗೆ ಸುಳ್ಳು ಹೇಳುವುದು ಸುಲಭವಿತ್ತು. ಹಚ್ಚೋ ಎಂದು ಗೇನಬಾನಿಗೆ ಒಂದು ಮಾತು ಅಂದಿದ್ದರೆ ಸಾಕಿತ್ತು.

"ಹಚ್ಚೇದರಿ," ಎಂದಳು. "ನಿಮ್ಮ ಬಲಕ್ಕ ಅದ."

ರಾಯರು ಕುತ್ತಿಗೆ ತಿರುಗಿಸಿದರು. ಸ್ವಲ್ಪ ತಿರುಗಿಸಿದರು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಗದ್ದ ಹೆಗಲಿಗೆ ತಾಗುವವರೆಗೆ. ಆಗ ಕಂದೀಲು ಅವರ ಕಣ್ಣಿನ ನೇರಕ್ಕೆ ಬಂತು.

"ಹಾಂ," ಎಂದರು. "ಕಂಡಿತು."